ಪಿಸ್ತೂಲಿನ ಬೆನ್ನಿಗಿದ್ದ ದೀಪ

ಆ ಗುರುವಾರದ ತನಕ ನಮ್ಮ ಮನೆಯಲ್ಲಿ ಜಗಳವೆಂದರೆ ಒಂದೇ. ಒಂದು ಹಾಳೆಗೆ ಎರಡು ಬದಿ ಯಾಕಿರಬೇಕು ಎಂಬ ಜಗಳ. ಕಾಗದ ಕಂಡುಹಿಡಿದವನ ಮೇಲೆ ನನಗೆ ಸಿಟ್ಟಿಲ್ಲ. ಹುಬ್ಬಳ್ಳಿಯ ಹತ್ತಿ ಅಂಗಡಿಯೊಂದರಲ್ಲಿ ಕಾರಕೂನನಾಗಿ ದಿನವಿಡೀ ಕಾಗದದ ಅನ್ನವನ್ನೇ ಉಣ್ಣುವವನು ನಾನು. ನನ್ನ ಸಿಟ್ಟೆಲ್ಲ ನಾವು ತರಿಸುತ್ತಿದ್ದ ವಾರಪತ್ರಿಕೆಯವರ ಮೇಲೆ. ಅವರು ಪ್ರತಿ ವಾರ ಎರಡು ಧಾರಾವಾಹಿ ಕೊಡುತ್ತಿದ್ದರು. ಒಂದು ಸಂಸಾರದ ಕಥೆ. ಅದರ ತಲೆಯ ಮೇಲೆ ದೀಪದ ಚಿತ್ರ, ದೀಪದ ಕೆಳಗೆ 'ಗೃಹಿಣಿಯರಿಗಾಗಿ' ಎಂದು ಅಚ್ಚು. ಇನ್ನೊಂದು ಪತ್ತೇದಾರಿ ಕಥೆ. ಅದರ ತಲೆಯ ಮೇಲೆ ಪಿಸ್ತೂಲು. ಪಿಸ್ತೂಲಿನ ಕೆಳಗೆ ಯಾರಿಗಾಗಿ ಎಂದು ಬರೆದಿರಲಿಲ್ಲ. ಪಿಸ್ತೂಲು ಕಂಡರೆ ಗಂಡಸರು ತಾವಾಗಿಯೇ ಬರುತ್ತಾರೆ ಎಂದು ಸಂಪಾದಕರ ಲೆಕ್ಕವಿರಬೇಕು. ಇಷ್ಟೆಲ್ಲ ವಿಚಾರ ಮಾಡಿದ ಅವರು ಕೊನೆಗೆ ಎರಡನ್ನೂ ಒಂದೇ ಹಾಳೆಯ ಹಿಂದೆ ಮುಂದೆ ಅಚ್ಚು ಹಾಕಿಬಿಡುತ್ತಿದ್ದರು.

ಹಿಂದೆ ಮುಂದೆ ಇದ್ದರೆ ಏನಾಯಿತು ಎನ್ನಬಹುದು. ನಮ್ಮ ಅಕ್ಕನನ್ನು ಕಂಡವರು ಹಾಗೆ ಎನ್ನುವುದಿಲ್ಲ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಕಲಿತು, ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾದಳು. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಹಾಗೇ ಅನ್ನುವುದು; ಹೀಗಾಗಿ ನನಗೊಬ್ಬನಿಗೆ ಅಕ್ಕ, ಸಪ್ತಾಪುರದ ನಮ್ಮ ಓಣಿಗೆಲ್ಲ ಅಕ್ಕೋರು. ಪತ್ರಿಕೆ ಬಂದ ಸಂಜೆಯೇ ಅವಳು ದೀಪದ ಹಾಳೆಯನ್ನು ಕತ್ತರಿಸಿ ಟ್ರಂಕಿನ ಕೆಳಗೆ ಒತ್ತಿ ಇಡುತ್ತಿದ್ದಳು. ಕಥೆ ಮುಗಿದಾಗ ಎಲ್ಲವನ್ನೂ ದಬ್ಬಣದಿಂದ ಹೊಲಿದು, ಗೋಧಿ ಹಿಟ್ಟಿನ ಅಂಟು ಹಚ್ಚಿ, ಹಳೆಯ ಕುಪ್ಪಸದ ಖಣದ ಬಟ್ಟೆಯಲ್ಲಿ ರಟ್ಟು ಕಟ್ಟುತ್ತಿದ್ದಳು. ಆ ಪುಸ್ತಕ ಓಣಿಯ ಮನೆಮನೆ ತಿರುಗಿ, ಆರು ತಿಂಗಳಿಗೆ ಒಗ್ಗರಣೆಯ ವಾಸನೆ ಹೊತ್ತುಕೊಂಡು ಮರಳಿ ಬರುತ್ತಿತ್ತು. ಪಿಸ್ತೂಲಿನ ಕಥೆಯೂ ಅದರಲ್ಲೇ, ಹಾಳೆಗಳ ಬೆನ್ನಿಗೆ ಇರುತ್ತಿತ್ತು ನಿಜ. ಆದರೆ ಕುಪ್ಪಸ ತೊಟ್ಟ ಪುಸ್ತಕವನ್ನು ಗಂಡಸಾದವನು ಹೇಗೆ ಕೇಳಿ ಒಯ್ಯಬೇಕು? ನನ್ನ ಪಿಸ್ತೂಲಿಗೆ ಬೇರೆಯದೇ ಮಾನದ ರಟ್ಟು ಬೇಕು ಎಂಬುದು ನನ್ನ ಹಟ.

ಆ ಗುರುವಾರ ಬಂದದ್ದು ಹದಿನೇಳನೆಯ ಕಂತು. ನಾನು ಹುಬ್ಬಳ್ಳಿಯಿಂದ ಬಂದು ಕಾಲು ತೊಳೆದು ಪತ್ರಿಕೆ ಹಿಡಿದದ್ದೇ ತಡ, ಅಕ್ಕ ಕತ್ತರಿ ಹಿಡಿದು ಎದುರಿಗೆ ಕೂತಳು.

"ಓದಿ ಆತೇನೊ ತಮ್ಮಾ? ಕತ್ರಿ ಹಚ್ಚಲ್ಯಾ?"

"ತಡೀಬೇ ಅಕ್ಕಾ. ಕೊಲಿ ಆದ ಮನ್ಯಾಗ ಈಗರ ಒಳಗ ಹೊಂಟಾನ."

"ಹದಿನೇಳ ವಾರಾತು. ಅಂವಾ ಒಳಗ ಹೋಗೂದರಾಗ ಹೆಣಾ ನಾರತೈತಿ. ಕೊಡ ಇಲ್ಲೆ."

"ನಿಂದೇನ ಭಾಳ ಮುಂದ ಹೋಗೇತಿ? ಆ ಹುಡುಗಿ ಇನ್ನೂ ತವರುಮನಿ ಕಟ್ಟಿ ಮ್ಯಾಲ ಕುಂತು ಅಳಾಕತ್ತಾಳ."

ಅಕ್ಕ ಕತ್ತರಿ ಕೆಳಗಿಟ್ಟಳು. "ಅದು ಹೆಂಗಸರ ಪುಟ. ನಿನಗ ಹೆಂಗ ಗೊತ್ತಾತು?"

"ಹಾಳಿ ಹೊಳ್ಳಿಸುವಾಗ ಕಣ್ಣಿಗೆ ಬಿತ್ತು."

"ಹದಿನೇಳ ವಾರದಿಂದ ಕಣ್ಣಿಗೆ ಬೀಳಾಕತ್ತೇತಿ. ಕಣ್ಣಿಗೆ ಔಷಧ ಹಾಕಿಸ್ಕೊ," ಎಂದಳು. ಆಮೇಲೆ ಹಾಳೆಯನ್ನು ಆ ಬದಿ ಈ ಬದಿ ತಿರುಗಿಸಿ ನೋಡಿ, "ಈ ನಿನ್ನ ಪತ್ತೇದಾರನ ಟೊಪಗಿ ತಗದು ಹಣಿಗೆ ಕುಂಕುಮ ಇಟ್ರ ನನ್ನ ಹುಡುಗಿನ ಆಗ್ತಾನ ನೋಡ. ಕಣ್ಣ ಒಂದ, ಹುಬ್ಬ ಒಂದ. ಚಿತ್ರಾ ತಗಿಯಾಂವಗ ಒಂದ ಮುಖಾ ಬರತೈತಿ, ಅದನ್ನ ನಿಮಗೊಂದು ನಮಗೊಂದು ಮಾಡಿ ಕೊಡಾಕತ್ತಾನ," ಎಂದು ನಕ್ಕಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜಾಳೂ ನಕ್ಕಳು. ಅವಳು ಎರಡೂ ಕಥೆ ಓದುವವಳಲ್ಲ. ನಮ್ಮಿಬ್ಬರ ಜಗಳವೇ ಅವಳಿಗೆ ಧಾರಾವಾಹಿ.

ಶನಿವಾರ ಅಕ್ಕ ಮುಂಜಾನೆಯ ಸಾಲೆ ಮುಗಿಸಿ ಬಂದು, ಎದೆ ಉರಿಯುತ್ತದೆ ಎಂದು ಮಲಗಿದಳು. ಡಾಕ್ಟರರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನಾನು ಮುಲ್ಕಿ ಪರೀಕ್ಷೆ ಪಾಸಾದವನು, ಏಳನೆಯತ್ತೆಯ ಕನ್ನಡ ನನ್ನದು. ಅದರಲ್ಲಿ ಹತ್ತಿಯ ಗಂಟಿನ ಬಗ್ಗೆ ಬರೆಯಬಹುದು.

ಮುಂದಿನ ಗುರುವಾರ ಹದಿನೆಂಟನೆಯ ಕಂತು ಬಂತು. ಪತ್ರಿಕೆಯವರಿಗೆ ಏನು ಗೊತ್ತು? ಯಾರೂ ಬಿಡಿಸಲಿಲ್ಲ. ದಿನಕರ್ಮ ಮುಗಿದು ನೆಂಟರು ಹೊರಟಾಗ, ರಾಯಾಪುರದ ಕಾಕಾ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಚೂರು ಕಟ್ಟಿ ಕೊಡು ಎಂದ. ಈ ಕಾಕಾ ನಮ್ಮ ಅಪ್ಪನ ತಮ್ಮ. ಸಾವಿನ ಮನೆಯಲ್ಲೂ ಊಟದ ರುಚಿ ಹೇಳುವ ಧೈರ್ಯವಂತ. ಕೈಗೆ ಸಿಕ್ಕ ಕಾಗದ ಹರಿದು ಹಿಂಡಿ ಕಟ್ಟಿಕೊಟ್ಟವನು ನಾನೇ. ಮನೆಯಲ್ಲಿ ಅಷ್ಟು ಜನ ಹೆಂಗಸರಿದ್ದರು, ಅವರಲ್ಲಿ ಯಾರಾದರೂ ಕಟ್ಟಿದ್ದರೆ ಇವತ್ತು ತಪ್ಪು ಹೊರಿಸಲು ಅನುಕೂಲವಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಇಪ್ಪತ್ತಾರನೆಯ ಕಂತಿಗೆ ಎರಡೂ ಕಥೆ ಮುಗಿದವು. ಅಕ್ಕ ಹೋದ ಮೇಲೆ ವಾರವಾರ ತಾನೇ ಕತ್ತರಿಸಿ ಇಡುತ್ತಿದ್ದ ಗಿರಿಜಾ, ಟ್ರಂಕಿನ ಕೆಳಗಿನ ಹಾಳೆಗಳನ್ನು ತಂದು ನನ್ನ ಮುಂದಿಟ್ಟಳು. "ಅಕ್ಕಾರು ಈ ಪುಸ್ತಕ ಕೊಡತೇನಿ ಅಂತ ಓಣಿಗೆಲ್ಲ ಹೇಳಿ ಇಟ್ಟಾರ. ದಿನಾ ಯಾರರ ಕೇಳಾಕತ್ತಾರ. ಇದೊಂದು ಹೊಲದು ಕೊಟ್ಟಬಿಡ್ರಿ," ಎಂದಳು. ಎಣಿಸಿ ನೋಡಿದೆ. ಹದಿನೇಳರ ಮುಂದೆ ಹತ್ತೊಂಬತ್ತಿತ್ತು. ಅಕ್ಕ ಕೊಟ್ಟ ಮಾತಿನ ಪುಸ್ತಕ, ನಡುವೆ ತೂತು. ಆ ತೂತಿನಲ್ಲಿ ಶೇಂಗಾ ಹಿಂಡಿ.

ಭಾನುವಾರ ರಾಯಾಪುರಕ್ಕೆ ಹೋದೆ. ಕಾಕಾ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದ.

"ಆ ಕಾಗದಾ? ಎಣ್ಣಿ ಇಳದಿತ್ತಲ್ಲೊ, ಒಲಿಗೆ ಹಾಕಿದ್ವಿ. ಆದರ ಹಾಕೂಕಿಂತ ಮೊದಲ ಓದೀನಿ. ಅಕ್ಷರಾ ವ್ಯರ್ಥ ಸುಡಬಾರದು."

"ಏನಿತ್ತು ಕಾಕಾ ಅದರಾಗ?"

"ಛಲೋ ಇತ್ತಪಾ. ಟೊಪಗಿಯಾಂವ ಒಬ್ಬ ಪಿಸ್ತೂಲ ಹಿಡದು ಬರತಾನ. ಬಂದು ಹುಡುಗಿ ಮುಂದ ಕುಂತು, ಸಕ್ಕರಿ ಕಡಿಮಿ ಹಾಕವಾ ಅಂತಾನ. ಆಕಿ ಅಳಕೋತ, ರಕ್ತದ ಕಲಿ ಇನ್ನೂ ಹೋಗಿಲ್ಲ ಅಪ್ಪಾ, ಅಂತಾಳ. ಅಷ್ಟರಾಗ ಹಿತ್ತಲದಾಗ ಗುಂಡು ಹಾರತೈತಿ. ಅವ್ವ ಹಪ್ಪಳ ಒಣಾಕ ಹಾಕತಾಳ."

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎಣ್ಣೆ ಇಳಿದ ಕಾಗದ ಗಾಜಿನಂತಾಗಿ, ಹಿಂದಿನ ಅಕ್ಷರ ಮುಂದೆ ಮೂಡಿ, ಕಾಕಾ ಎರಡೂ ಕಥೆಗಳನ್ನು ಒಟ್ಟಿಗೇ ಓದಿದ್ದ. ಅವನಿಗೆ ಎಲ್ಲಿಯೂ ಅಡ್ಡಿಯಾಗಿರಲಿಲ್ಲ. "ಗಂಡಸರದು ಹೆಂಗಸರದು ಅಂತ ಬ್ಯಾರೆ ಬ್ಯಾರೆ ಅದಾವ ಕಾಕಾ ಅವು," ಎಂದೆ. "ಹೌದಾ? ಹಂಗಾರ ಬ್ಯಾರೆ ಮಾಡಿ ಓದಿದ್ರ ಎರಡೂ ಸಪ್ಪಗ ಆಗತಾವು," ಎಂದ.

ಓಣಿಯಲ್ಲೇ ಆ ಪತ್ರಿಕೆ ತರಿಸುವ ಇನ್ನೆರಡು ಮನೆಗಳಿದ್ದವು. ಆದರೆ ಮನೆಯ ಯಜಮಾನರ ಮುಂದೆ ನಿಂತು, ನನಗೆ ದೀಪದ ಪುಟ ಬೇಕು ಎಂದು ಹೇಗೆ ಕೇಳುವುದು? ಅದಕ್ಕೆ ನಾನು ಒಂದು ಹಂಚಿಕೆ ಹಾಕಿದೆ. ಪಿಸ್ತೂಲಿನ ಪುಟ ಕೇಳುವುದು. ಬೆನ್ನಿಗೆ ದೀಪ ಹೇಗೂ ಬರುತ್ತದೆ. ನಾನು ಬಹಳ ಜಾಣ ಎಂದು ನನಗೆ ಆಗಾಗ ಅನಿಸುತ್ತದೆ, ಸಾಮಾನ್ಯವಾಗಿ ತಪ್ಪು ಮಾಡುವ ಮೊದಲು.

ಮೊದಲ ಮನೆ ಪೆನ್ಶನ್ ಆದ ಫೌಜದಾರರದು. ಪೊಲೀಸ್ ಠಾಣೆ ನಡೆಸಿದವರು, ಮೀಸೆ ಇನ್ನೂ ನೌಕರಿಯಲ್ಲಿದ್ದಂತೆ ನಿಂತಿತ್ತು. "ಪಿಸ್ತೂಲಿನ ಕಥಿ ರೀ, ಹದಿನೆಂಟನೇದು," ಎಂದೆ.

"ಅದನ್ನ ಓದತೀರೇನ್ರಿ ನೀವು?" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹೆಣದ ಮುಂದ ನಿಂತು ಸಿಗರೇಟ ಸೇದತಾನ್ರಿ ಅಂವಾ. ಪಂಚರಿಲ್ಲ, ಪಂಚನಾಮಾ ಇಲ್ಲ. ಕಂಡಕಂಡದ್ದನ್ನೆಲ್ಲ ಕೈಲೆ ಮುಟ್ಟತಾನ. ನನ್ನ ಠಾಣಾದಾಗ ಇದ್ದಿದ್ರ ಮೊದಲ ಇಂವನ್ನ ಒಳಗ ಹಾಕತಿದ್ದೆ."

ಒಳಗಿನಿಂದ ಅವರ ಮನೆಯವರು ಸೌತೆಕಾಯಿ ಹೆಚ್ಚುತ್ತಲೇ ಹೇಳಿದರು: "ಕೊಲಿ ಮಾಡಿದಾಂವ ಅಡಗಿಯಾಂವ ಅಂತ ನಾ ಐದನೇ ವಾರಕ್ಕ ಹೇಳಿದ್ದೆರಿ. ಅನ್ನಕ್ಕ ಇಟ್ಟು ಊರ ಸುತ್ತಾಕ ಹೋಗಿದ್ದೆ ಅಂತಾನ, ಅನ್ನ ಸೀದಿಲ್ಲ. ಅದು ಇವರಿಗೆ ಕಡೀತನಕ ಹೊಳೀಲಿಲ್ಲ."

"ನಾ ಓದಿದ್ರ ಹೊಳೀತಿತ್ತು," ಎಂದರು ಫೌಜದಾರರು ಮೆಲ್ಲಗೆ. ಆಮೇಲೆ ನನ್ನ ಕಡೆ ಬಾಗಿ, "ಹದಿನೆಂಟರಾಗ ಆ ಹುಡುಗಿ ಬರದ ಪತ್ರಾ ಮಾವ ಹರದ ಹಾಕಿದ ನೋಡ್ರಿ. ಹರಿಯೂಕಿಂತ ಮೊದಲ ಓದಬೇಕೋ ಬ್ಯಾಡೋ? ಅವತ್ತ ನನಗ ಊಟ ಹೋಗಲಿಲ್ಲ," ಎಂದರು. ಹೇಳಿದ ಮೇಲೆ ನೆನಪಾಗಿ ಮೀಸೆ ಮುಟ್ಟಿಕೊಂಡು, "ಇಕಿ ಓದುವಾಗ ಕಿವಿಗೆ ಬಿತ್ತು," ಎಂದರು.

ಹಾಳೆ ಮಾತ್ರ ಅಲ್ಲಿರಲಿಲ್ಲ. ವಾರವಾರ ಅದನ್ನು ಕತ್ತರಿಸಿ ಬೆಳಗಾವಿಯ ಮಗಳ ಮನೆಗೆ ಅಂಚೆಯಲ್ಲಿ ಹಾಕುತ್ತಿದ್ದರು. ದೀಪದ ಕಥೆ ಮಗಳ ಮನಸ್ಸಿಗೆ ಸೇರುತ್ತದೆ ಎಂದು ಫೌಜದಾರರು ಹೇಳಿದರು. ಇಲ್ಲ, ಮಗಳಿಗೆ ಸೇರುವುದು ಪಿಸ್ತೂಲು, ದೀಪ ಸೇರುವುದು ಅಳಿಯನಿಗೆ ಎಂದು ಅವರ ಮನೆಯವರು ಹೇಳಿದರು. ಮಗಳಿಗೆ ಕಾರ್ಡು ಬರೆದೆವು. ಓದಿದ ಹಾಳೆಯನ್ನು ಪಕ್ಕದ ಮನೆಯವರು ಒಯ್ದವರು ಕೊಟ್ಟಿಲ್ಲ ಎಂದು ಉತ್ತರ ಬಂತು.

ಎರಡನೆಯದು ಲೆಕ್ಚರರ ಮನೆ. ಅವರು ಬಾಗಿಲಲ್ಲೇ, "ಇಂಥಾ ಸಾಹಿತ್ಯಾ ನಾವು ಇಟ್ಟುಕೊಳ್ಳೂದಿಲ್ಲರಿ. ಬಂದದ್ದು ಬಂದಂಗ ರದ್ದಿಗೆ," ಎಂದರು. ಖರೇ ಇರಬೇಕು ಎಂದು ನಾನು ತಿರುಗುವಾಗ ಸುಮ್ಮನೆ ಮಾತಿಗೆ, "ಹದಿನೆಂಟರಾಗ ಮಾವ ಪತ್ರಾ ಹರದನಂತ್ರಿ," ಎಂದೆ.

"ಅದು ಹತ್ತೊಂಬತ್ತರಾಗ," ಎಂದರು ಲೆಕ್ಚರರು.

ಒಳಗೆ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಲೆಕ್ಚರರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಏನೂ ಕೇಳಿಸದವನಂತೆ ಮೆಟ್ಟಿಲಿಳಿದೆ. ನನಗೂ ಒಂದು ಕಣ್ಣಿತ್ತು, ಅದಕ್ಕೂ ಎಷ್ಟೋ ಬಿದ್ದಿತ್ತು.

ಪತ್ರಿಕೆಯ ಕಚೇರಿಗೂ ಬರೆದೆ. ಹಳೆಯ ಪ್ರತಿಗಳಿಲ್ಲ ಎಂದು ಅವರು ಬರೆದರು. ಓಣಿಯಲ್ಲಿ ಕೇಳುವವರು ಮಾತ್ರ ಬಿಡಲಿಲ್ಲ. ಕೊನೆಗೆ ಕೇಳಿದ್ದನ್ನೆಲ್ಲ ಕೂಡಿಸಿ ಆ ಕಂತನ್ನು ನಾನೇ ಬರೆಯುವುದೆಂದು ಕೂತೆ. ಪಿಸ್ತೂಲಿನ ಭಾಗ ಒಂದೂವರೆ ಪುಟಕ್ಕೆ ಮುಗಿಯಿತು. ಪತ್ತೇದಾರ ಒಳಗೆ ಹೋದ, ಕಂಡಕಂಡದ್ದನ್ನು ಮುಟ್ಟಿದ, ಹೊರಗೆ ಬಂದ. ದೀಪದ ಭಾಗ ನಾಲ್ಕಕ್ಕೆ ಬಂತು, ಆರಕ್ಕೆ ಬಂತು, ನಿಲ್ಲಲಿಲ್ಲ. ಪತ್ರ ಹರಿಯುವುದನ್ನು ನಾನು ಲೆಕ್ಚರರ ಮಾತಿನಂತೆ ಹತ್ತೊಂಬತ್ತಕ್ಕೇ ಬಿಟ್ಟೆ. ಹತ್ತೊಂಬತ್ತು ನನ್ನ ಹತ್ತಿರವೇ ಇತ್ತು, ನೋಡಿದರೆ ಅವರೇ ಸರಿ. ನನ್ನ ಹದಿನೆಂಟರಲ್ಲಿ ಮಾವ ಸೊಸೆಯನ್ನು ಕರೆದೊಯ್ಯಲು ಬಂದ. ನಮ್ಮ ಅಕ್ಕನ ಮಾವ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದವನಲ್ಲ, ಒಂದು ಕಾರ್ಡು ಬರೆದವನಲ್ಲ. ಅಕ್ಕನೂ ಆ ಮಾತು ತೆಗೆದವಳಲ್ಲ, ನಾನೂ ಕೇಳಿದವನಲ್ಲ. ಕಥೆಯ ಮಾವ ಬಂದ. ಕಟ್ಟೆಯ ಮೇಲೆ ಕೂತ, ಚಹಾ ಕುಡಿದ, ಚಲೋ ಇದ್ದೀಯೇನವಾ ಎಂದು ಕೇಳಿದ. ಅಷ್ಟರಲ್ಲಿ ಹತ್ತೊಂಬತ್ತನೆಯ ಕಂತಿನಲ್ಲಿ ಹುಡುಗಿ ಇನ್ನೂ ತವರಿನಲ್ಲೇ ಇದ್ದಾಳೆ ಎಂಬುದು ನೆನಪಾಗಿ, ಅವನನ್ನು ಬಂದ ದಾರಿಯಲ್ಲೇ ಕಳಿಸಬೇಕಾಯಿತು. ಎಂಟು ಪುಟವಾಗಿತ್ತು.

ಗಿರಿಜಾ ಜೀವನದಲ್ಲಿ ಮೊದಲ ಸಲ ಧಾರಾವಾಹಿ ಓದಿದಳು. ಓದಿ ಮುಗಿಸಿ ಹಾಳೆಗಳ ಅಂಚು ಕೂಡಿಸಿ ಇಟ್ಟಳು. ಆಮೇಲೆ, "ಪತ್ತೇದಾರ ಈ ವಾರ ರಜಾದ ಮ್ಯಾಲ ಹೋಗ್ಯಾನೇನ್ರಿ?" ಎಂದಳು. ಗಂಡಸರ ಓದಿನ ಮಾನಕ್ಕಾಗಿ ವರ್ಷಗಟ್ಟಲೆ ಜಗಳವಾಡಿದ ನಾನು ಎದ್ದು ದಬ್ಬಣಕ್ಕೆ ದಾರ ಪೋಣಿಸತೊಡಗಿದೆ.

ಪುಸ್ತಕ ಹೊಲಿದೆ. ನನ್ನ ಒಂಬತ್ತೂವರೆ ಪುಟ ಸೇರಿ ನಡುವಿನಲ್ಲಿ ಅದಕ್ಕೆ ಹೊಟ್ಟೆ ಬಂದಿದೆ, ಹೊಲಿಗೆ ಸೊಟ್ಟಗಾಗಿದೆ. ಓಣಿಯೆಲ್ಲ ಓದಿತು. ಆ ಒಂದು ಕಂತು ಕೈಬರಹದಲ್ಲಿ ಯಾಕಿದೆ ಎಂದು ಕೇಳಿದವರಿಗೆ, ಮೂಲದಿಂದ ನಕಲು ಮಾಡಿದ್ದು ಎಂದು ಹೇಳಿದ್ದೇನೆ. ಫೌಜದಾರರು ಹಿಂದಿರುಗಿಸುವಾಗ, "ಮಾವ ಒಮ್ಮೆ ಬಂದು ಹೋಗಿದ್ದು ನನಗ ಮರತ ಹೋಗಿತ್ತು ನೋಡ್ರಿ. ಅಷ್ಟೇನ ಕೆಟ್ಟಾಂವ ಅಲ್ಲ," ಎಂದರು. ಒಬ್ಬರೂ ಅನುಮಾನ ಪಡಲಿಲ್ಲ. ಅಕ್ಕನಾಗಿದ್ದರೆ ಮೂರನೆಯ ಸಾಲಿಗೇ ಇದು ನಿಂದು ತಮ್ಮಾ ಎಂದು ಹಿಡಿದು, ಕೆಂಪು ಪೆನ್ಸಿಲು ತರಿಸಿ, ಕಾಗುಣಿತ ತಿದ್ದುತ್ತಿದ್ದಳು. ನಾನು ಬರೆದ ಹಾಗೇ ತಪ್ಪುಗಳೆಲ್ಲ ಅದರಲ್ಲಿವೆ. ತಿದ್ದುವವರು ಮನೆಯಲ್ಲಿಲ್ಲ. ಅಚ್ಚಾದ ಹದಿನೆಂಟನೆಯ ಕಂತು ನನಗೆ ಇನ್ನೂ ಸಿಕ್ಕಿಲ್ಲ.