ಮಾವನಿಗೆ ಬಾರದ ಹಲ್ಲುನೋವು

ನಮ್ಮ ಸೋದರಮಾವನಿಗೆ ಬಾರದ ಕಾಯಿಲೆ ಲೋಕದಲ್ಲೇ ಇರಲಿಲ್ಲ. ಆದರೆ ಅವುಗಳಲ್ಲಿ ಒಂದಾದರೂ ಅವನದಾಗಿರಲಿಲ್ಲ!

ಅಮ್ಮನಿಗೆ ಒಬ್ಬನೇ ತಮ್ಮ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಅರಳಗುಪ್ಪೆಯ ನಮ್ಮ ಮನೆಯಲ್ಲೇ ಇದ್ದ. ಬೇರೆಯವರ ನೋವು ಕಣ್ಣಿಗೆ ಬಿದ್ದರೆ ಸಾಕು, ಅದು ಅವನ ಮೈಗೆ ಬಂದುಬಿಡುತ್ತಿತ್ತು. ಪಕ್ಕದ ಮನೆಯ ಅಜ್ಜಿಗೆ ಸೊಂಟ ಹಿಡಿದರೆ ಇವನು ಬಾಗಿ ನಡೆಯುತ್ತಿದ್ದ. ನನ್ನ ತಮ್ಮ ಹುಟ್ಟಿದ ದಿನ ಒಳಗೆ ಅಮ್ಮ ನರಳುತ್ತಿದ್ದರೆ, ಹೊರಗೆ ಜಗಲಿಯ ಮೇಲೆ ಇವನು ಹೊಟ್ಟೆ ಹಿಡಿದುಕೊಂಡು ಹೊರಳಾಡಿದನಂತೆ. ಸೂಲಗಿತ್ತಿ ಹೊರಗೆ ಬಂದು, ಮೊದಲು ಯಾರಿಗೆ ಹೆರಿಗೆ ಮಾಡಿಸಲಿ ಎಂದು ಕೇಳಿದ್ದನ್ನು ಅಪ್ಪ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಮನುಷ್ಯರ ಮಾತು ಬಿಡಿ, ನಮ್ಮ ಎತ್ತಿನ ಎಡಗಾಲು ಉಳುಕಿದಾಗಲೂ ಮಾವ ಎಡಗಾಲನ್ನೇ ಎಳೆದುಕೊಂಡು ಕೊಬ್ಬರಿ ಮಂಡಿಗೆ ಹೋದ. ಎತ್ತು ವಾರದಲ್ಲಿ ಚೇತರಿಸಿಕೊಂಡಿತು. ಮಾವನಿಗೆ ಇನ್ನೂ ಕೆಲವು ದಿನ ಬೇಕಾಯಿತು.

ಇಂಥವನನ್ನು ಜೊತೆಮಾಡಿ ನನ್ನನ್ನು ಹಲ್ಲಿನ ಡಾಕ್ಟರ ಬಳಿಗೆ ಕಳಿಸಿದರೆಂದರೆ ನಮ್ಮ ಮನೆಯವರಿಗೆ ಏನನ್ನಬೇಕು? ಎಂಬತ್ತರ ದಶಕದ ಮಾತು. ನಾನಾಗ ಹೈಸ್ಕೂಲು ಹುಡುಗಿ. ಕೊಬ್ಬರಿ ಬೆಲ್ಲ ತಿಂದು ತಿಂದು ದವಡೆ ಹಲ್ಲೊಂದು ಹುಳುಕಾಗಿತ್ತು. ನಮ್ಮ ಕಡೆ ಹಲ್ಲು ನೋವಿಗೆ ಗೊತ್ತಿದ್ದ ಮದ್ದು ಒಂದೇ, ಕೀಳಿಸುವುದು. ಕೀಳದೆ ಹಲ್ಲು ಉಳಿಸಿಕೊಡುವ ಡಾಕ್ಟರು ತುಮಕೂರಿನಲ್ಲಿದ್ದಾರೆಂದು ಮಾವನೇ ಯಾರಿಂದಲೋ ಕೇಳಿಕೊಂಡು ಬಂದು, ಹಟ ಹಿಡಿದು ಅಪ್ಪನನ್ನು ಒಪ್ಪಿಸಿದ.

ಡಾಕ್ಟರು ನನ್ನ ವಸಡಿಗೆ ಸೂಜಿ ಚುಚ್ಚಿದರು. ಬೆಂಚಿನ ಮೇಲೆ ಕೂತಿದ್ದ ಮಾವನ ಕೆನ್ನೆ ಮರಗಟ್ಟಿತು! ಕಾಂಪೌಂಡರು ಕುಡಿಯಲು ಕೊಟ್ಟ ನೀರು ಅವನ ಬಾಯಿಯ ಒಂದೇ ಬದಿಯಿಂದ ಸೋರಿತು. ಡಾಕ್ಟರು ಹಲ್ಲಿನ ಬೇರಿನೊಳಗಿದ್ದ ಕೊಳೆತ ನರವನ್ನು ತೆಗೆದು, ಶುಚಿಮಾಡಿ, ಮದ್ದು ತುಂಬಿ ಮುಚ್ಚಿದರು. ಇನ್ನು ಕೆಲವು ದಿನ ನೋವಿರುತ್ತದೆ, ಕಚ್ಚಿದರೆ ಜಾಸ್ತಿ, ಮಾತ್ರೆ ಕೊಡಿ, ಗಾಬರಿಯಾಗಬೇಡಿ; ಕೆನ್ನೆ ಊದಿದರೆ, ಜ್ವರ ಬಂದರೆ ಮಾತ್ರ ಕೂಡಲೇ ಕರೆತನ್ನಿ ಎಂದರು. ವಾಪಸು ಬರುವಾಗ ಮಾವ ತೊದಲುತ್ತ ಟಿಕೆಟ್ ಕೇಳಿದ್ದು ನೋಡಿ, ಕಂಡಕ್ಟರು ಅಯ್ಯೋ ಪಾಪ ಎಂದು ಅವನಿಗೆ ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ. ನಾನು ನಿಂತೇ ಬಂದೆ!

ಮರಗಟ್ಟಿದ್ದು ಬಿಟ್ಟಿತು ನೋಡಿ, ನೋವು ಶುರುವಾಯಿತು. ಕಿವಿಯವರೆಗೂ ಸಿಡಿತ. ಮೇಲಿನ ಹಲ್ಲು ಕೆಳಗಿನದಕ್ಕೆ ತಾಕಿದರೆ ಕಣ್ಣಲ್ಲಿ ನೀರು. ಮಾರನೆಯ ದಿನವೂ ನಾನು ಅಳುತ್ತಿದ್ದುದನ್ನು ನೋಡಿ ಅಪ್ಪನ ತಾಳ್ಮೆ ಮುಗಿಯಿತು.

"ನೋವೇ ಹೋಗ್ಲಿಲ್ಲ ಅಂದ್ಮೇಲೆ ಆ ಹಲ್ಲು ಯಾಕಿರಬೇಕು? ನಾಳೆ ಕೀಳಿಸ್ಬುಡಾನ."

ಮಾವ ಎಂದೂ ಅಪ್ಪನಿಗೆ ಎದುರು ಮಾತಾಡಿದವನಲ್ಲ. ಅವತ್ತು ಎದ್ದು ನಿಂತ.

"ಬ್ಯಾಡ ಭಾವ. ಕೆನ್ನೆ ಊದಿಲ್ಲ, ಜ್ವರ ಇಲ್ಲ. ಡಾಕ್ಟ್ರು ಹೇಳಿದ್ ನೋವೇ ಇದು. ಹೆಚ್ಚಾದ್ರೆ ನಾನೇ ತುಮಕೂರಿಗೆ ಕರ್ಕೊಂಡ್ ಹೋಯ್ತೀನಿ."

ಅಪ್ಪ ಅವನ ಮುಖ ನೋಡಿ, ಕೀಳಿಸುವ ಮಾತು ಬಿಟ್ಟರು. ಮಾವ ಮಂಡಿಯ ಕಡೆ ತಲೆ ಹಾಕಲಿಲ್ಲ. ಗಂಜಿ ಆರಿಸಿ ಕುಡಿಸಿ, ಆಮೇಲೆ ಮಾತ್ರೆ ಕೊಡುತ್ತಿದ್ದ. ಆಗಾಗ ಹಣೆ ಮುಟ್ಟುತ್ತಿದ್ದ. ನನ್ನ ಎರಡು ಕೆನ್ನೆಗಳನ್ನೂ ಕೊಬ್ಬರಿ ಹೋಳುಗಳಂತೆ ಹೋಲಿಸಿ ನೋಡುತ್ತಿದ್ದ. ಇಷ್ಟೆಲ್ಲ ಮಾಡಿದವನು ಒಂದು ಸಲವಾದರೂ ನರಳಬೇಕಲ್ಲ? ಊಹೂಂ! ನನಗೆ ಸಿಟ್ಟೇ ಬಂತು. ಎತ್ತಿಗೆ ಸಿಕ್ಕ ಮರ್ಯಾದೆಯೂ ನನಗಿಲ್ಲವೇ?

ಸಿಡಿತ ದಿನದಿನಕ್ಕೆ ಇಳಿಯುತ್ತ ಬಂತು. ಒಂದು ಬೆಳಗ್ಗೆ ಎದ್ದು ನಾಲಗೆಯಿಂದ ಹಲ್ಲು ತಡವಿದೆ. ನೋವಿಲ್ಲ. ಮೆಲ್ಲಗೆ ಕಚ್ಚಿದೆ. ಆಗಲೂ ಇಲ್ಲ. ಅಡುಗೆಮನೆಗೆ ಓಡಿ, ಅಮ್ಮ ಆಗಷ್ಟೇ ಸುಟ್ಟಿದ್ದ ರೊಟ್ಟಿ ಮುರಿದು ಆ ಕಡೆಯಿಂದಲೇ ಅಗಿದೆ. ಅಪ್ಪ ಕಾಫಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

ಮಾವ ಗೋಡೆಗೊರಗಿ, ನನಗೆಂದು ಗಂಜಿ ಆರಿಸುತ್ತ ಕೂತಿದ್ದ.

"ಈ ಸಲ ನಿಂಗ್ಯಾಕೆ ಮಾವ ನೋವೇ ಬರ್ಲಿಲ್ಲ?" ಎಂದು ಕೇಳಿದೆ.

"ಬಂದಿತ್ತು ಕಣವ್ವ," ಅಂದ. "ಇಬ್ರೂ ಮಲಿಕ್ಕೊಂಡ್ರೆ ನಿನ್ನ ನೋಡ್ಕೊಳ್ಳೋರ್ಯಾರು ಅಂತ ಹೇಳ್ಲಿಲ್ಲ."

ಹಾಗೆಂದವನು ಕೂತಲ್ಲೇ ನಿದ್ದೆಹೋದ. ಅಮ್ಮ ಅವನ ಕೈಯಿಂದ ಲೋಟ ಬಿಡಿಸಿಕೊಂಡು, ತಲೆ ಸವರಿದಳು.