ಏಕನಾಥ ಮಾಸ್ತರರ ಎಡಗಿವಿ

ಭಾಲ್ಕಿಯ ವಿಜ್ಞಾನ ಮಾಸ್ತರ ಏಕನಾಥರ ಎಡಗಿವಿ ಮೊನ್ನೆಯಿಂದ ಮುಚ್ಚಿಕೊಂಡಿತ್ತು. ಒಳಗೆ ಹಿಟ್ಟಿನ ಗಿರಣಿ ಓಡಿದಂಥ ಸದ್ದು, ಮೇಲೆ ಚುಚ್ಚುವ ನೋವು.

"ಬಸ್ ಸ್ಟ್ಯಾಂಡ್ ಡಾಕ್ಟರ್ ಕಡಿ ನಡೀರಿ ಸರ್," ಎಂದ ನೆರೆಮನೆಯ ಮಡೆಪ್ಪ. "ಒಂದೇ ಸೂಜಿಗೆ ಎಲ್ಲಾ ಬ್ಯಾನಿ ಹೋಗ್ತದ."

"ಅಂವ ಏನು ಓದ್ಯಾನ?"

"ಓದಿದ್ದು ಯಾರು ಕೇಳ್ತಾರ್ರಿ? ಕೈಗುಣ ಛಲೋ ಅದ."

ಡಿಗ್ರಿ ನೋಡದೆ ಯಾರಿಗೂ ಕಿವಿ ಮುಟ್ಟಗೊಡುವವರಲ್ಲ ಮಾಸ್ತರರು. ಮಳೆಯಿಲ್ಲದೆ ಅರ್ಧ ತರಗತಿ ಕೂಲಿಗೆ ಹೊರಟ ತಂದೆತಾಯಿಯ ಸಂಗಡ ಪುಣೆಗೆ ಹೋಗಿತ್ತು. ರಜೆ ಸುಲಭವಾಗಿ ಸಿಕ್ಕಿತು. ಬೀದರಿನ ಬಸ್ಸು ಹತ್ತಿದರೆ, ಕರೆಯದಿದ್ದರೂ ಮಡೆಪ್ಪ ಚೀಲ ಹಿಡಿದು ಪಕ್ಕದಲ್ಲೇ ಕೂತ.

ಬೀದರಿನ ಓಣಿಯ ಮೊದಲ ದವಾಖಾನೆಯ ಬೋರ್ಡಿನಲ್ಲಿ ಡಿಗ್ರಿಗಳು ಗೂಡ್ಸ್ ಗಾಡಿಯಂತೆ ಉದ್ದಕ್ಕೆ ನಿಂತಿದ್ದವು. ನಡುವಿನ ಒಂದು ಡಬ್ಬಿ ಟೈಪಿಂಗ್ ಪರೀಕ್ಷೆಯದು.

"ನಿಮ್ಮ ಡಾಕ್ಟರ ನೋಂದಣಿ ನಂಬರ್ ಎಷ್ಟು? ಸರ್ಟಿಫಿಕೇಟ್ ತೋರಸ್ರಿ," ಎಂದರು ಮಾಸ್ತರರು.

ಕಂಪೌಂಡರ್ ಮಾಸ್ತರರ ಇಸ್ತ್ರಿ ಅಂಗಿ ನೋಡಿದ. ಹಿಂದೆ ಚೀಲ ಹೊತ್ತು ನಿಂತ ಮಡೆಪ್ಪನನ್ನು ನೋಡಿದ. "ಡಾಕ್ಟರ್ ಊರಾಗಿಲ್ರಿ," ಎಂದು ಶಟರ್ ಎಳೆದ. ಹಿತ್ತಲ ಗೋಡೆಯಿಂದ ಒಂದು ಬಿಳಿ ಕೋಟು ಜಿಗಿಯಿತು. ಮಾಸ್ತರರ ಎಡಗಡೆ ನಿಂತೇ ಕಂಪೌಂಡರ್ ಫೋನು ಹಚ್ಚಿದ: "ಚೆಕ್ಕಿಂಗ್ ಸಾಹೇಬ್ರು ಬಂದಾರ, ಎಲ್ಲಾರಿಗೂ ಹೇಳು." ಆ ಕಿವಿಗೆ ಅದು ಕೇಳಲಿಲ್ಲ. ಮಡೆಪ್ಪನಿಗೆ ಕೇಳಿತು, ಅವನು ಎದೆ ಸೆಟೆಸಿದ.

ಅವರು ಹೋದಲ್ಲೆಲ್ಲ ಶಟರ್ ಬೀಳುತ್ತ ಹೋದವು. ಕೊನೆಗೆ ಊರಂಚಿನ ನೌಬಾದದಲ್ಲಿ ಒಂದೇ ಬಾಗಿಲು ತೆರೆದಿತ್ತು: ಹೈದರಾಬಾದಿನಿಂದ ವಾರಕ್ಕೊಮ್ಮೆ ಬರುವ ಕಿವಿ ತಜ್ಞ ಡಾ. ಗೋರಖನಾಥ, ಔರಾದದವರೇ. ಬಾಗಿಲಲ್ಲೇ ಕೈಮುಗಿದು ನಿಂತಿದ್ದರು.

"ಬರ್ರಿ ಸಾಹೇಬ್ರ, ಎಲ್ಲಾ ತೆಗೆದಿಟ್ಟೇನಿ."

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎಂ.ಬಿ.ಬಿ.ಎಸ್., ಎಂ.ಎಸ್., ನೋಂದಣಿ ಪತ್ರ: ಡಾಕ್ಟರು ಒಂದೊಂದನ್ನೇ ಓದಿ ಹೇಳುತ್ತ ಮುಂದಿಟ್ಟರು. ಇಂಥ ಡಾಕ್ಟರು ಸಿಕ್ಕರಲ್ಲ ಎಂದು ಮಾಸ್ತರರು ಮುದ್ರೆಗಳನ್ನೂ ಬಿಡದೆ ಓದಿದರು. ಚಹಾ ಬಂತು. ಮಡೆಪ್ಪ ತುಟಿ ಬಿಚ್ಚಿದ್ದು ಬಿಸ್ಕೀಟಿಗೆ ಮಾತ್ರ.

ಕಡೆಗೆ ಡಾಕ್ಟರು ಗಡಿಯಾರ ನೋಡಿ ಎದ್ದರು. "ನನ್ನ ಗಾಡಿ ಹೊತ್ತಾತ್ರಿ. ಎಲ್ಲಾ ಸರಿ ಅದ ಅಲ್ರಿ?"

"ಎಲ್ಲಾ ಸರಿ ಅದ್ರಿ. ಆದ್ರ ನನ್ನ ಕಿವಿ..." ಮಾಸ್ತರರು ಬೆರಳಿಂದ ಎಡಗಿವಿ ತೋರಿಸಿದರು.

ಡಾಕ್ಟರು ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ ಸಾಹೇಬ್ರ. ಕೇಳಸೂದಿಲ್ಲ ಅಂತ ಮೊದಲೇ ಹೇಳಬೇಕಿಲ್ಲೇನ್ರಿ? ಗಾಡಿ ಹೋದ್ರ ಹೋಗ್ಲಿ."

ಕುರ್ಚಿ ಎಳೆದು ಕೂತು, ಆ ಎಡಗಿವಿಗೇ ಬಾಯಿ ಹಚ್ಚಿ, ಎಸ್ಸೆಸ್ಸೆಲ್ಸಿಯಿಂದ ಮತ್ತೆ ಕೂಗಿ ಓದತೊಡಗಿದರು.