ಉತ್ತುಂಗದೇವ ಮಹಾರಾಜರು ಹೆಂಚು ಬದಲಿಸಿದ್ದು

ಬಹಳ ಹಿಂದೆ, ಟೆಂಡರ್ ಎಂಬ ಪದ ಕಡಲು ದಾಟಿ ಬಂದು ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಮೇಲ್ಗಿರಿ ಎಂಬ ಒಂದು ರಾಜ್ಯವಿತ್ತು. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಪೇಪರು ಓದುವ ನಿಮಗೆ ಅಲ್ಲಿಯ ಸಂಗತಿಗಳು ಎಲ್ಲೋ ಕೇಳಿದ ಹಾಗೆ ಅನ್ನಿಸಿದರೆ ಅದಕ್ಕೆ ನಿಮ್ಮ ನೆನಪಿನ ಶಕ್ತಿಯೇ ಹೊಣೆ, ನಾನಲ್ಲ.

ಆ ರಾಜ್ಯವನ್ನು ಶ್ರೀಮನ್ಮಹಾರಾಜಾಧಿರಾಜ ಉತ್ತುಂಗದೇವರು ಹನ್ನೊಂದು ವರ್ಷಗಳಿಂದ ಆಳುತ್ತಿದ್ದರು, ಅಂದರೆ ಕೂತಿದ್ದರು. ಕೆಟ್ಟವರೇನಲ್ಲ. ಯಾರಾದರೂ ಬೆರಳಿಟ್ಟು ತೋರಿಸಿದ ಜಾಗದಲ್ಲಿ ರುಜು ಹಾಕುತ್ತಿದ್ದರು, ಹಬ್ಬಕ್ಕೆ ಎಲ್ಲರಿಗೂ ಒಳ್ಳೆಯದಾಗಲಿ ಅನ್ನುತ್ತಿದ್ದರು. ಅವರಿಗಿದ್ದದ್ದು ಒಂದೇ ಭಯ. ಸಿಂಹಾಸನದಿಂದ ಒಮ್ಮೆ ಎದ್ದರೆ ಮತ್ತೆ ಕೂರಲು ಬಿಡುತ್ತಾರೋ ಇಲ್ಲವೋ! ಹಾಗಾಗಿ ಊಟ, ನಿದ್ದೆ, ಸ್ನಾನ, ಕ್ಷೌರ ಎಲ್ಲವೂ ಅಲ್ಲಿಯೇ ಸಾಂಗವಾಗಿ ನಡೆಯುತ್ತಿತ್ತು.

ಭರಣಿ ಮಳೆ ಬಿದ್ದ ಒಂದು ಮಧ್ಯಾಹ್ನ ಆಸ್ಥಾನದಲ್ಲಿ ವಾರ್ಷಿಕ ಸಾಧನಾ ವರದಿಯ ವಾಚನ ನಡೆದಿತ್ತು. ಛಾವಣಿಯಿಂದ ಒಂದು ಹನಿ ಜಾರಿ ನೇರವಾಗಿ ಪ್ರಭುಗಳ ಮೂಗಿನ ಮೇಲೆ ಬಿತ್ತು. ಸಭೆ ಉಸಿರು ಬಿಗಿಹಿಡಿಯಿತು. ಪ್ರಧಾನಮಂತ್ರಿ ಸುಮುಖರಾಯರು ಮಾತ್ರ ಒಂದು ಕ್ಷಣವೂ ತಡಮಾಡದೆ, “ವರುಣದೇವನೇ ಸ್ವಹಸ್ತದಿಂದ ಅಭಿಷೇಕ ಮಾಡುತ್ತಿದ್ದಾನೆ!” ಎಂದು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಆಸ್ಥಾನಕವಿಗಳು ಅಲ್ಲೇ ಒಂದು ಕಂದಪದ್ಯ ಕಟ್ಟಿದರು. ಹದಿನೈದನೆಯ ಹನಿಗೆ ಪ್ರಭುಗಳು ಸೀನಿದರು. ಸೀನನ್ನು ಸಾಧನೆಯ ಪಟ್ಟಿಗೆ ಸೇರಿಸಲು ಸುಮುಖರಾಯರಿಗೂ ಆಗಲಿಲ್ಲ. ಹೆಂಚಿನವನಿಗೆ ಹೇಳಿಕಳಿಸಿದರು.

ಹೆಂಚಿನವನು ಅಂದರೆ ಚಿಕ್ಕೀರಯ್ಯ. ಅರವತ್ತು ದಾಟಿದ ಒಣಕಲು ಮನುಷ್ಯ. ಮಳೆಗಾಲಕ್ಕೆ ಮುಂಚೆ ಊರಿನ ಅಷ್ಟೂ ಮನೆಗಳ ಮಾಡು ಹತ್ತಿ ಹೆಂಚು ಕೈಯಾಡಿಸುವುದು ಅವನ ಕಸುಬು. ಕಸ ಗುಡಿಸಿ, ಜಾರಿದ್ದನ್ನು ಸರಿಮಾಡಿ, ಒಡೆದದ್ದನ್ನು ಬದಲಿಸಿ ಇಳಿಯುತ್ತಿದ್ದ. ಯಾರ ಮನೆಗಾದರೂ ಹೆಂಚು ಸಾಲದೆ ಬಂದರೆ ತನ್ನ ಮನೆಯದನ್ನೇ ಕಿತ್ತು ಕೊಟ್ಟುಬಿಡುವ ಕೆಟ್ಟ ಅಭ್ಯಾಸ ಬೇರೆ ಇತ್ತು. ಹೀಗೆ ಕೊಟ್ಟು ಕೊಟ್ಟು ಅವನ ಮನೆಯ ಒಂದು ಮೂಲೆ ತೆಂಗಿನಗರಿಯ ಪಾಲಾಗಿತ್ತು. ಇಷ್ಟು ದಿನ ಅದು ಅವನಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಆದರೆ ಈಗ ಮಗಳು ನಿಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಾಳಿ ಬೀಸದ, ಬಾಣಂತಿ ಮಲಗಬಹುದಾದ ಮೂಲೆ ಆ ಮನೆಯಲ್ಲಿ ಅದೊಂದೇ.

“ಊರ್ನೋರ ಮನೆಗೆಲ್ಲ ಮುಚ್ಚಿದ್ದಾಯ್ತು, ಹುಟ್ಟೋ ಮೊಮ್ಮಗೀಗೆ ಗರಿ ಹೊದಿಸ್ತೀಯಾ?” ಎಂದು ಹೆಂಡತಿ ಮಂಚಮ್ಮ ಬೆಳಗ್ಗೆಯಷ್ಟೇ ಬೈದಿದ್ದಳು. ರಾಜ್ಯದಲ್ಲಿದ್ದ ಹೆಂಚು ಸುಡುವ ಗೂಡು ಒಂದೇ, ಅದು ಅರಮನೆಯದು. ಅಪ್ಪಣೆಯಿಲ್ಲದೆ ಅಲ್ಲಿಂದ ಒಂದು ಚೂರೂ ಹೊರಗೆ ಬರುತ್ತಿರಲಿಲ್ಲ. ಆದ್ದರಿಂದ ಅರಮನೆಯ ಕರೆ ಬಂದಾಗ ಚಿಕ್ಕೀರಯ್ಯನಿಗೆ ಹೇಳಲಾರದಷ್ಟು ಖುಷಿಯಾಯಿತು.

ಅವನು ಸಿಂಹಾಸನದ ಪಕ್ಕ ನಿಂತು ಕತ್ತೆತ್ತಿ ನೋಡಿದ. ಮೂರು ಕಡೆ ಬೆಳಕಿನ ಚುಕ್ಕೆ ಕಂಡವು.

“ಮೂರೇ ಹೆಂಚು ಬುದ್ಧಿ. ಕೋತಿ ಕುಣ್ದು ಒಡ್ದೋಗವೆ. ಏಣಿ ಹಾಕಿ ಹತ್ತುದ್ರೆ ಹೊತ್ತು ಮುಳುಗೋದ್ರೊಳ್ಗೆ ಇಳ್ದುಬುಡ್ತೀನಿ.”

“ಖರ್ಚು?” ಎಂದರು ಸುಮುಖರಾಯರು.

“ಕೂಲಿ ಬ್ಯಾಡಿ ಸ್ವಾಮಿ. ಗೂಡಿಂದ ಹನ್ನೆರಡು ಹೆಂಚು ಕೊಡ್ಸಿ. ಮಗಳು ಹೆರಿಗೆಗೆ ಬಂದವ್ಳೆ, ಮನೆ ಮೂಲೆ ಸೋರ್ತದೆ.”

ಸುಮುಖರಾಯರ ಮುಖ ಬಾಡಿತು. “ಮೂರು ಹೆಂಚಾ! ಮೂರು ಹೆಂಚಿಗೆ ಶಂಕುಸ್ಥಾಪನೆ ಮಾಡುವುದು ಹೇಗಯ್ಯಾ? ಕಲ್ಲಿನ ಮೇಲೆ ಏನೆಂದು ಕೆತ್ತಿಸಲಿ?”

ಅಷ್ಟರಲ್ಲಿ ಕರಣಿಕರೊಬ್ಬರು ಅರಮನೆಯ ನಿಯಮಾವಳಿ ತೆರೆದು ಕೆಮ್ಮಿದರು. ‘ಯಾವುದೇ ಪ್ರಜೆಯ ಪಾದವು ಯಾವುದೇ ಕಾರಣಕ್ಕೂ ಪ್ರಭುವಿನ ಕಿರೀಟಕ್ಕಿಂತ ಎತ್ತರದಲ್ಲಿ ಇರತಕ್ಕದ್ದಲ್ಲ’ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಿಂದಿನ ದೊರೆಗಳು ಹೆಂಚು ಕೈಯಾಡಿಸುವ ದಿನ ಬೇಟೆಗೆ ಹೋಗಿಬಿಡುತ್ತಿದ್ದರು. ಆಮೇಲೆ ಚಿಕ್ಕೀರಯ್ಯನ ಅಪ್ಪ ನಿಶ್ಚಿಂತೆಯಿಂದ ಮಾಡು ಹತ್ತುತ್ತಿದ್ದ. ಈ ಪ್ರಭುಗಳೋ, ಏಳುವವರೇ ಅಲ್ಲ.

“ಒಂದು ಗಳಿಗೆ ಹಿತ್ತಲ ಕಡೆ ಹೋಗ್ಬನ್ನಿ ಬುದ್ಧಿ,” ಎಂದ ಚಿಕ್ಕೀರಯ್ಯ. “ಬೇಕಾದ್ರೆ ಟವಲ್ಲು ಹಾಕ್ಬುಟ್ಟು ಹೋಗಿ, ಸೀಟು ಎಲ್ಲೂ ಹೋಗಕಿಲ್ಲ.”

ಮಹಾರಾಜರು ಸಿಂಹಾಸನದ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಆಸ್ಥಾನದ ಇಷ್ಟೊಂದು ಜನ ತಮ್ಮನ್ನು ಏಕೆ ಅಷ್ಟು ಪ್ರೀತಿಯಿಂದ ನೋಡುತ್ತಿದ್ದಾರೆ ಎಂದು ಅವರಿಗೆ ಅನುಮಾನ ಬಂತು. “ಟೆಂಡರ್ ಕರೆಯಿರಿ,” ಎಂದರು.

ಟೆಂಡರ್ ಕರೆಯಲಾಯಿತು. ಅರ್ಜಿದಾರನು ಈ ಹಿಂದೆ ಕನಿಷ್ಠ ಐದು ಅರಮನೆಗಳ ಛಾವಣಿ ಬದಲಿಸಿರಬೇಕು ಎಂದಿತ್ತು. ಛಾವಣಿ ಹತ್ತಕೂಡದು ಎಂದೂ ಇತ್ತು. ‘ಸೋರುವುದು’ ಎಂಬ ಪದವನ್ನು ಎಲ್ಲೂ ಬಳಸದೆ ‘ಊರ್ಧ್ವಮೂಲ ಜಲಾಗಮನ’ ಎಂದೇ ನಮೂದಿಸಬೇಕಿತ್ತು. ಚಿಕ್ಕೀರಯ್ಯನೂ ಯಾರ ಕೈಲೋ ಬರೆಸಿ ಅರ್ಜಿ ಹಾಕಿದ. ಕೆಲಸದ ಖರ್ಚು ಅರ್ಜಿಯ ಶುಲ್ಕಕ್ಕಿಂತ ಕಡಿಮೆ ಇದೆ, ಇದರಲ್ಲಿ ಏನೋ ಮೋಸವಿದೆ ಎಂದು ಅದು ಮೊದಲ ಸುತ್ತಿನಲ್ಲೇ ತಿರಸ್ಕೃತವಾಯಿತು.

ಗೆದ್ದವರು ಗಗನಚಂದ್ರ ಎಂಬ ಕನ್ಸಲ್ಟೆಂಟ್ ಮಹಾಶಯರು. ಜನ್ಮದಲ್ಲಿ ಏಣಿ ಹತ್ತಿದವರಲ್ಲ. ಅವರು ಛಾವಣಿ ಬದಲಿಸಿದ ಐದೂ ಅರಮನೆಗಳು ಸಪ್ತಸಾಗರಗಳಾಚೆ ಇದ್ದುದರಿಂದ ಹೋಗಿ ನೋಡಿಬರುವ ತೊಂದರೆ ಯಾರಿಗೂ ಇರಲಿಲ್ಲ. ಅವರು ಸಭೆಯಲ್ಲಿ ಬಿಚ್ಚಿದ ಬಣ್ಣದ ನಕಾಶೆಯಲ್ಲಿ ಹೂವಿನ ಗಿಡಗಳಿದ್ದವು, ನಗುತ್ತಾ ನಡೆಯುವ ಗಂಡಹೆಂಡತಿ ಇದ್ದರು, ಸೈಕಲ್ ಹೊಡೆಯುವ ಮಗುವಿತ್ತು. ಛಾವಣಿ ಇರಲಿಲ್ಲ.

“ಮಹಾಪ್ರಭು, ಸಮಸ್ಯೆಯನ್ನು ಇವರೆಲ್ಲ ತಲೆಕೆಳಗಾಗಿ ನೋಡುತ್ತಿದ್ದಾರೆ,” ಎಂದರು ಗಗನಚಂದ್ರರು. “ಕೆಲಸಗಾರ ತಮಗಿಂತ ಮೇಲೆ ಹೋಗುವಂತಿಲ್ಲ, ಒಪ್ಪೋಣ. ತಾವು ಕೆಲಸಗಾರನಿಗಿಂತ ಮೇಲೆ ಹೋಗಬಹುದಲ್ಲ?”

“ಏಳದೇನೇ?” ಎಂದು ಮಹಾರಾಜರು ಆಸೆಯಿಂದ ಕೇಳಿದರು.

“ಏಳುವುದೆಂದರೇನು ಪ್ರಭು! ಸಿಂಹಾಸನದ ಸಮೇತ. ಮಾಡಿನ ಮೇಲೆ ಒಂದು ವೇದಿಕೆ, ವೇದಿಕೆಯ ಮೇಲೆ ತಾವು, ತಮ್ಮ ಪಾದದ ಕೆಳಗೆ ಕಾಮಗಾರಿ.”

“ಆಹಾ, ಏನು ದೂರದೃಷ್ಟಿ!” ಎಂದರು ಸುಮುಖರಾಯರು. ಅದು ಪ್ರಭುಗಳಿಗೆ ಅಂದದ್ದೋ ಗಗನಚಂದ್ರರಿಗೋ ತಿಳಿಯದಂತೆ ಇಬ್ಬರ ನಡುವಿನ ಗೋಡೆಯನ್ನು ನೋಡುತ್ತಾ ಹೇಳಿದರು.

ಮುಹೂರ್ತ ನೋಡಿ ಎಂಬತ್ತು ಜನ ಹಗ್ಗ ಹಿಡಿದು ಮಹಾರಾಜರನ್ನು ಸಿಂಹಾಸನ, ವೇದಿಕೆಗಳ ಸಮೇತ ನೆಲದಿಂದಲೇ ಮಾಡಿನ ಮೇಲಕ್ಕೆ ಎತ್ತಿದರು. ಕೂಲಿಯವನಾಗಿ ಬಂದಿದ್ದ ಚಿಕ್ಕೀರಯ್ಯ ಕೆಳಗೆ ನಿಂತು ನೋಡುತ್ತಿದ್ದ. ವೇದಿಕೆಯ ಕಾಲು ಊರಿದಲ್ಲೆಲ್ಲ ಹೆಂಚು ಲಟಲಟನೆ ಒಡೆದವು. ನೂರರವರೆಗೆ ಎಣಿಸಿ, ಎಣಿಸುವುದನ್ನೇ ಬಿಟ್ಟ. ಸುಮುಖರಾಯರು ಪಕ್ಕದಲ್ಲಿ ನಿಂತು, “ನೋಡಿದೆಯಾ, ನೀನು ಮೂರೇ ಅಂದಿದ್ದೆ!” ಎಂದು ಮೂದಲಿಸಿದರು.

ಮಹಾರಾಜರಿಗೆ ಮೇಲೆ ಬಹಳ ಹಿಡಿಸಿತು. ಗಾಳಿ ಚೆನ್ನಾಗಿತ್ತು, ಇಡೀ ರಾಜ್ಯ ಕಾಣುತ್ತಿತ್ತು, ಯಾರೂ ಹತ್ತಿರ ಬಂದು ಕೂರುವ ಸಂಭವವಿರಲಿಲ್ಲ. ಮಳೆ ಬಂದರೆ ಮಾತ್ರ ನೆನೆಯುತ್ತಿದ್ದರು. ಹಾಗಾಗಿ ಅವರ ಮೇಲೊಂದು ಹೊಸ ಛಾವಣಿ ಹಾಕುವುದೆಂದಾಯಿತು. ಹಾಕುವವನು ಅವರ ಕಿರೀಟಕ್ಕಿಂತ ಮೇಲೆ ಹತ್ತಬೇಕಲ್ಲ! ಅದು ನಿಯಮಬಾಹಿರ. ಆದ್ದರಿಂದ ಕಂಬಗಳನ್ನು ನಿಲ್ಲಿಸಿ ಸಿಂಹಾಸನವನ್ನು ಇನ್ನೂ ಒಂದು ಅಂತಸ್ತು ಮೇಲಕ್ಕೇರಿಸಿ, ಕೆಳಗೆ ಛಾವಣಿ ಹೊದಿಸಿದರು. ಛಾವಣಿ ಚೆನ್ನಾಗಿಯೇ ಬಂತು. ಆದರೆ ಪ್ರಭುಗಳು ಅದರ ಮೇಲಿದ್ದರು. ಇಳಿಸೋಣವೆಂದರೆ ಇಳಿಯುವುದು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮಹಾರಾಜರಿಗೆ ಜ್ವರ ಬರುತ್ತಿತ್ತು. ಇನ್ನೊಂದು ಅಂತಸ್ತು ಎದ್ದಿತು. ಗಗನಚಂದ್ರರು ಇದಕ್ಕೆ ‘ಹಂತ ಹಂತದ ಅಭಿವೃದ್ಧಿ’ ಎಂದು ಹೆಸರಿಟ್ಟರು.

ನಾಲ್ಕನೆಯ ಅಂತಸ್ತಿಗೆ ಗೂಡಿನ ಹೆಂಚು ಮುಗಿಯಿತು. ಡಂಗುರ ಹೊಡೆಸಿದರು. ‘ನಾಡಿನ ಹೆಂಚು, ನಾಡಿನ ಹೆಮ್ಮೆ’ ಅಭಿಯಾನದಡಿ ಪ್ರತಿಯೊಬ್ಬ ಪ್ರಜೆಯೂ ತನ್ನ ಮನೆಯ ಹೆಂಚನ್ನು ಸ್ವಇಚ್ಛೆಯಿಂದ ಕೊಡತಕ್ಕದ್ದು, ಸ್ವಇಚ್ಛೆ ಇಲ್ಲದವರಿಗೆ ದಂಡ ವಿಧಿಸಲಾಗುವುದು. ಹೆಂಚನ್ನು ಒಡೆಯದೆ ಕೀಳಬಲ್ಲವನು ರಾಜ್ಯದಲ್ಲಿ ಒಬ್ಬನೇ ಇದ್ದ. ಅವನಿಗೆ ಒಂದು ಹಳದಿ ಶಾಲು ಹೊದಿಸಿ, ‘ಛಾವಣಿ ರತ್ನ’ ಎಂಬ ಬಿರುದು ಕೊಟ್ಟು, ಒಂದು ಗಾಡಿ ಕೊಟ್ಟು ಊರೊಳಗೆ ಬಿಟ್ಟರು.

ಐವತ್ತು ವರ್ಷ ತಾನೇ ಕೂರಿಸಿದ ಹೆಂಚುಗಳನ್ನು ಚಿಕ್ಕೀರಯ್ಯ ಒಂದೊಂದಾಗಿ ಕಿತ್ತ. ಯಾವ ಮನೆಯ ಯಾವ ಸಾಲು ಯಾವ ವರ್ಷದ್ದು ಎಂಬುದು ಅವನ ಬೆರಳಿಗೇ ಗೊತ್ತಿತ್ತು. ಕೆಳಗೆ ನಿಂತ ಹೆಂಗಸರು ಅವನನ್ನು ಬೈಯಲಿಲ್ಲ, ಅವನು ಕಿತ್ತು ಕೊಟ್ಟ ಹೆಂಚನ್ನು ಕೈಚಾಚಿ ಇಳಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿ ಅವನಿಗೆ ಅಳು ಬಂತು. ಒಂಬತ್ತನೆಯ ದಿನ ಗಾಡಿ ಅವನ ಮನೆಯ ಮುಂದೆಯೇ ನಿಂತಿತು. ಒಳಗೆ ನಿಂಗಿಗೆ ಹೆರಿಗೆಯಾಗಿ ನಾಲ್ಕು ದಿನವಾಗಿತ್ತು.

“ಹತ್ತು, ಹತ್ತು,” ಎಂದಳು ಮಂಚಮ್ಮ. “ಆ ಹಳ್ದಿ ಸಾಲು ಹೊದ್ಕಂಡೇ ಹತ್ತು. ಮೊಮ್ಮಗಳೂ ನೋಡ್ಲಿ, ತಾತ ಎಂಥ ರತ್ನ ಅಂತ.”

ಚಿಕ್ಕೀರಯ್ಯ ಹತ್ತಲಿಲ್ಲ. ಶಾಲನ್ನು ಗಾಡಿಯಲ್ಲಿ ಎಸೆದು, ನೇರವಾಗಿ ಅರಮನೆಗೆ ಹೋಗಿ, ಅಂತಸ್ತುಗಳ ಮೆಟ್ಟಿಲನ್ನು ಒಂದೇ ಉಸಿರಿಗೆ ಏರಿದ. ಆರನೆಯದರಲ್ಲಿ ಸುಮುಖರಾಯರು ತಡೆದರು. ಏಳನೆಯದರಲ್ಲಿ, ನೆತ್ತಿಯ ಮೇಲೆ, ಪ್ರಭುಗಳು ಬಿಸಿಲು ಕಾಯಿಸುತ್ತಿದ್ದರು.

“ಬುದ್ಧೀ!” ಎಂದು ಅವನು ಕೂಗಿದ. “ಊರೆಲ್ಲ ಬೋಳಾಗದೆ! ಕೂಸು ಬಾಣಂತಿ ನೆನೀತಾವೆ! ನನ್ನ ಮನೇದೊಂದು ಬಿಟ್ಬುಡಿ, ನಿಮ್ಮ ಕಾಲಿಗೆ ಬೀಳ್ತೀನಿ!”

“ಕಾಲಿಗೆ ಬೀಳಬೇಕಾದರೆ ಅಷ್ಟೆತ್ತರ ಬರಬೇಕು, ಬರುವಂತಿಲ್ಲ,” ಎಂದು ಸುಮುಖರಾಯರು ನಿಯಮ ವಿವರಿಸಿದರು.

ಮಹಾರಾಜರಿಗೆ ಕೂಗು ಕೇಳಿಸಿತು. ಯಾರೋ ಊರಿನ ವಿಷಯ ಹೇಳುತ್ತಿದ್ದಾರೆ ಎಂದು ಬಗ್ಗಿ ಊರಿನ ಕಡೆ ನೋಡಿದರು. ಮನೆಗಳ ಮೇಲೆ ಜಂತೆ, ರೀಪುಗಳಷ್ಟೇ ಉಳಿದಿದ್ದವು. ಅವುಗಳ ಸಂದಿನಲ್ಲಿ, ಒಲೆಯ ಮುಂದೆ, ಜಗುಲಿಯಲ್ಲಿ, ಒರಳುಕಲ್ಲಿನ ಪಕ್ಕದಲ್ಲಿ ಜನ ಕತ್ತೆತ್ತಿ ನಿಂತಿದ್ದರು. ಮೋಡ ಕವಿಯುತ್ತಿತ್ತು, ಎಲ್ಲರೂ ಅದನ್ನೇ ನೋಡುತ್ತಿದ್ದರು. ಮಹಾರಾಜರ ಕಣ್ಣು ತುಂಬಿ ಬಂದವು.

“ಸುಮುಖರಾಯರೇ, ನನ್ನನ್ನು ನೋಡುವುದಕ್ಕಾಗಿ ಪಾಪ, ಛಾವಣಿಯನ್ನೇ ತೆಗೆದುಬಿಟ್ಟಿದ್ದಾರೆ!”

“ಪ್ರೇಮ ಪ್ರಭು, ಪ್ರೇಮ,” ಎಂದರು ಸುಮುಖರಾಯರು.

“ಈ ಪ್ರೇಮಕ್ಕೆ ನಾನು ಏನು ಕೊಡಲಿ?”

“ತಾವು ಕೊಡುವುದು ಬೇಡ. ಅವರೇ ಕೊಡುತ್ತಾರೆ,” ಎಂದು ಸುಮುಖರಾಯರ ಹಿಂದೆಯೇ ನಿಂತಿದ್ದ ಗಗನಚಂದ್ರರು ಹೊಸದೊಂದು ನಕಾಶೆ ಬಿಚ್ಚಿದರು.

ಮರುದಿನವೇ ‘ಗೃಹದರ್ಶನ ಶುಲ್ಕ’ ಜಾರಿಗೆ ಬಂತು. ಮನೆಯಿಂದ ಹೊರಗೆ ಕಾಲಿಡದೆ ಹಗಲಿಡೀ ಪ್ರಭುದರ್ಶನ ಪಡೆಯುವ ಈ ಸೌಲಭ್ಯ ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ ಎಂದು ಸಾಧನಾ ವರದಿಯಲ್ಲಿ ದಪ್ಪಕ್ಷರದಲ್ಲಿ ಬರೆದರು. ಉತ್ತುಂಗದೇವರಿಗೆ ‘ಗಗನಚುಂಬಿ’ ಎಂಬ ಬಿರುದನ್ನೂ ಅದಕ್ಕೊಪ್ಪುವ ಎರಡಡಿ ಎತ್ತರದ ಹೊಸ ಕಿರೀಟವನ್ನೂ ಅರ್ಪಿಸಲಾಯಿತು. ಅದನ್ನು ತೊಡಿಸುವವರು ಕೆಳಗಿನಿಂದ ಒಂದು ಉದ್ದನೆಯ ಗಳುವಿನಲ್ಲಿ ಎತ್ತಿ ತೊಡಿಸಿದರು.

ಶುಲ್ಕ ವಸೂಲಿಯ ಗುಮಾಸ್ತ ಚಿಕ್ಕೀರಯ್ಯನ ಮನೆಗೆ ಬಂದಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಆ ಮನೆಯ ಹೆಂಚನ್ನೂ ಅರಮನೆಯ ಆಳುಗಳು ಆಗಲೇ ಕಿತ್ತೊಯ್ದಿದ್ದರು. ಮಂಚಮ್ಮ ಬಾಣಂತಿಯ ತಲೆಯ ಮೇಲೆ ಗೋಣಿತಾಟು ಹಿಡಿದಿದ್ದಳು. ಚಿಕ್ಕೀರಯ್ಯ ಕೂಸಿನ ಮೇಲೆ ಮೊರ ಹಿಡಿದು ಕೂತಿದ್ದ, ಕೈ ಸೋತಾಗ ಮೊರ ಅತ್ತಿತ್ತ ವಾಲುತ್ತಿತ್ತು. ಗುಮಾಸ್ತ ಬಗ್ಗಿ ಎಲ್ಲರನ್ನೂ ಪರಿಶೀಲಿಸಿ, ಗಂಡಹೆಂಡಿರಿಬ್ಬರೂ ದಿನದ ಬಹುಪಾಲು ತಲೆತಗ್ಗಿಸಿಕೊಂಡೇ ಇರುವುದರಿಂದ ಅವರಿಗೆ ಅರ್ಧ ಶುಲ್ಕ ಎಂದ. ಬಾಣಂತಿ ಕಣ್ಣು ಮುಚ್ಚಿದ್ದಳು, ಅವಳಿಗೂ ಅರ್ಧವೇ.

“ಮಗು?” ಎಂದು ಕೇಳಿದ.

“ಆರು ದಿನದ ಕೂಸು ಸ್ವಾಮಿ,” ಎಂದ ಚಿಕ್ಕೀರಯ್ಯ. “ಅದುಕ್ಕೇನು ಗೊತ್ತಾಯ್ತದೆ?”

ಗುಮಾಸ್ತ ನಿಯಮಾವಳಿಯನ್ನು ಇನ್ನೊಮ್ಮೆ ಓದಿದ. ಕೂಸು ಹಗಲಿಡೀ ಅಂಗಾತ ಮಲಗಿ ಮೇಲೆಯೇ ನೋಡುತ್ತಿತ್ತು. ಅದಕ್ಕೆ ಪೂರ್ತಿ ಶುಲ್ಕ ಬರೆದ.